ಕವಾಸಾಕಿಗೆ ಹೊಸದಾಗಿ ಬಂದವರೇ, ಮೊದಲು ನದಿ ಕಡೆ ಹೋಗಿ ಬನ್ನಿ

ಜಪಾನಿನ ಕವಾಸಾಕಿಗೆ ಹೋಗ್ತಿದ್ದೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ನಮ್ಮ ಬೈಕ್ ಮಾಡಿದ ಊರಾ?" ಮದ್ದೂರಿನ ನಮ್ಮ ಮನೆಯಲ್ಲಿ ಕವಾಸಾಕಿ ಬಜಾಜ್ ಇತ್ತು. ನಾನೂ ಹೂಂ ಅಂದುಬಿಟ್ಟೆ. ಸಾಲದ್ದಕ್ಕೆ ಇಲ್ಲಿ ಆಫೀಸಿನ ಮೊದಲ ದಿನ ಅದನ್ನೇ ಹೆಮ್ಮೆಯಿಂದ ಹೇಳಿ ನಗೆಪಾಟಲಾದೆ. ಆ ಕಂಪನಿ ಕಟ್ಟಿದವರ ಮನೆತನದ ಹೆಸರು ಕವಾಸಾಕಿ, ಅಷ್ಟೇ. ಈ ಊರಿಗೂ ಅದಕ್ಕೂ ಸಂಬಂಧವಿಲ್ಲ. ಈ ಊರಿನ ಹೆಸರಿನಲ್ಲಿರುವುದು ನದಿ. 'ಕವಾ' ಅಂದರೆ ಹೊಳೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ಬರೆಸಿ, ವಿಮೆ ಕೇಳಿಕೊಳ್ಳಿ. ಬರುವಾಗ ಅವರು ಕೊಡುವ ಪ್ರವಾಹದ ನಕ್ಷೆಯನ್ನು ಮಾತ್ರ ಎಸೆಯಬೇಡಿ. ನಾನು ಅದನ್ನು ಪಿಜ್ಜಾ ಪಾಂಪ್ಲೆಟ್ ಜೊತೆ ರದ್ದಿಗೆ ಹಾಕಿದ್ದೆ. 2019ರ ಅಕ್ಟೋಬರ್ 12, ಚಂಡಮಾರುತ. ಫೋನು ಮೇಲಿಂದ ಮೇಲೆ ಕಿರುಚುತ್ತಿತ್ತು. ಆಸರೆಗೆ ಯಾವ ಶಾಲೆಗೆ ಓಡಬೇಕು ಅನ್ನೋದೇ ಗೊತ್ತಿಲ್ಲ. ಪಕ್ಕದ ಮನೆ ಅಜ್ಜಿ ಬಂದು ಬಾಗಿಲು ತಟ್ಟಿ, ನನ್ನ ಮಗಳ ಕೈ ಹಿಡಿದು ಕರೆದುಕೊಂಡು ಹೋದರು. ಆ ರಾತ್ರಿ ಇಲ್ಲಿನ ಮುಸಾಶಿ ಕೊಸುಗಿ ಬಡಾವಣೆಯ ಎತ್ತರದ ಕಟ್ಟಡವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಕರೆಂಟು, ಲಿಫ್ಟು ಎಲ್ಲ ನಿಂತುಹೋಯಿತು. ತೊದೊರೊಕಿಯಲ್ಲಿದ್ದ ನಗರ ಮ್ಯೂಸಿಯಂನ ನೆಲಮಾಳಿಗೆಯೂ ಮುಳುಗಿ, ಊರಿನ ಹಳೇ ವಸ್ತುಗಳು ರಾಶಿ ರಾಶಿ ನೆನೆದುಹೋದವು.

ತೊದೊರೊಕಿ ಅಂದ ಕೂಡಲೇ ಇನ್ನೊಂದು ಪೆದ್ದುತನ ನೆನಪಾಗುತ್ತದೆ. ಮಗಳ ಓಟದ ಪಂದ್ಯ ತೊದೊರೊಕಿಯಲ್ಲಿ ಅಂತ ಚೀಟಿ ಬಂದಿತ್ತು. ಮೊಬೈಲಿನಲ್ಲಿ ಹುಡುಕಿ ಅದೇ ಹೆಸರಿನ ಸ್ಟೇಷನ್ನಿನಲ್ಲಿ ಇಳಿದೆವು. ನೋಡಿದರೆ ಟೋಕಿಯೋ ದಡದಲ್ಲಿದ್ದೇವೆ! ಮೈದಾನ ಇರುವುದು ನದಿಯ ಈಚೆ. ಕವಾಸಾಕಿಗೂ ಟೋಕಿಯೋಗೂ ನಡುವಿನ ಈ ತಾಮಾ ನದಿ ಹಿಂದೆ ಮನಸ್ಸು ಬಂದ ಕಡೆ ಹರಿಯುತ್ತಿತ್ತು, ದಾರಿ ಬದಲಿಸಿದಾಗ ಊರುಗಳನ್ನೇ ಎರಡು ಮಾಡುತ್ತಿತ್ತು. 1912ರಲ್ಲಿ ಗಡಿಯನ್ನು ನದಿಗೆ ಸರಿಯಾಗಿ ಎಳೆದರು. ಅದಕ್ಕೇ ತೊದೊರೊಕಿ, ಸೆತಾ, ಉನಾನೆ, ಮಾರುಕೊ ಹೆಸರುಗಳು ಇವತ್ತಿಗೂ ಎರಡೂ ದಡದಲ್ಲಿವೆ. ವಿಳಾಸ ಪೂರ್ತಿ ಓದಿ. ನಾವು ತಲುಪುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಮಗಳ ಆ ಮುಖ ಈಗಲೂ ಕಣ್ಣ ಮುಂದಿದೆ.

ಇಲ್ಲಿನ ಇತಿಹಾಸ ಹಾರಿ ಹಾರಿ ಹೇಳಿದರೆ ಹೀಗೆ. 1623ರಲ್ಲಿ ತೊಕೈದೋ ಹೆದ್ದಾರಿಯ ತಂಗುದಾಣವಾಯಿತು. 1924ರಲ್ಲಿ ನಗರವಾಯಿತು. ಕಾರ್ಖಾನೆಗಳು ಬಂದವು, ಹೊಗೆ ಬಂತು, ಯುದ್ಧದಲ್ಲಿ ಬಾಂಬು ಬಿದ್ದು ಸುಟ್ಟಿತು, ಮತ್ತೆ ಎದ್ದಿತು. ಈಗ 15 ಲಕ್ಷಕ್ಕೂ ಹೆಚ್ಚು ಜನ. ನಗರದ ಲಾಂಛನ 'ನದಿ' ಅನ್ನುವ ಅಕ್ಷರದ್ದೇ ರೂಪ.

ನಗರದ ಹೂವು ತ್ಸುತ್ಸುಜಿ, ಅಂದರೆ ಅಜೇಲಿಯಾ. ಸ್ಟೇಷನ್ ಕೆಳಗಿನ ಅಂಗಡಿ ಸಾಲಿಗೂ ಅಜೇಲಿಯಾ ಅಂತಲೇ ಹೆಸರು. ನಗರದ ಮರ ತ್ಸುಬಾಕಿ, ನಮ್ಮ ಟೀ ಗಿಡದ ಬಳಗದ್ದು. ಇದರ ಹೂವು ಪಕಳೆ ಪಕಳೆಯಾಗಿ ಉದುರುವುದಿಲ್ಲ, ಇಡಿಯಾಗಿ ಧೊಪ್ ಅಂತ ಬೀಳುತ್ತದೆ. ಪಕ್ಕದ ಮನೆಯ ಆ ಅಜ್ಜಿ ಆಸ್ಪತ್ರೆ ಸೇರಿದಾಗ ನಾನು ಇದೇ ಹೂವು ತೆಗೆದುಕೊಂಡು ಹೋದೆ, ನಗರದ್ದೇ ಮರದ ಹೂವಲ್ವಾ ಅಂತ. ನರ್ಸಮ್ಮನ ಮುಖ ಗಂಟಾಯಿತು. ತಲೆ ಉರುಳಿದ ಹಾಗೆ ಬೀಳುವ ಹೂವನ್ನು ರೋಗಿಗೆ ಕೊಡಬಾರದಂತೆ. ಅಜ್ಜಿ ಮಾತ್ರ ನಕ್ಕು ಇಸಿದುಕೊಂಡರು. ಅಮ್ಮ ಇಲ್ಲಿಗೆ ಬಂದಿದ್ದಾಗ ಅದೇ ಹೂವನ್ನು ಪಾರ್ಕಿನಲ್ಲಿ ಆರಿಸಿ ದೇವರಿಗಿಟ್ಟರು. ನೆಲಕ್ಕೆ ಬಿದ್ದದ್ದು ಬರಲ್ಲ ಅಲ್ವಾ ಅಂದೆ. "ಪಾರಿಜಾತ ಬರಲ್ವೇನೋ?" ಅಂದರು.

1996ರಲ್ಲಿ ಈ ನಗರ ವಿದೇಶಿ ನಿವಾಸಿಗಳಿಗೆ ಅಂತಲೇ ಒಂದು ಪ್ರತಿನಿಧಿ ಸಭೆ ಮಾಡಿತು. ನಮ್ಮಂಥವರು ಕೂತು ಮೇಯರ್‌ಗೆ ಸಲಹೆ ಕೊಡಬಹುದು. ನಾನು ಅರ್ಜಿ ಹಾಕಲಿಲ್ಲ. ಇನ್ನೆರಡು ವರ್ಷಕ್ಕೆ ವಾಪಸ್ ಹೋಗ್ತೀನಲ್ಲ ಅಂತ ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಸುಮ್ನೆ ಲಾಡ್ಜಿನಲ್ಲಿ ಇದ್ದ ಹಾಗೆ ಇದ್ದೇನೆ. ನೀವು ಹಾಗೆ ಮಾಡಬೇಡಿ.

ಒಂದು ಭಾನುವಾರ ಕುಜಿ ಕಡೆ ಹೋಗಿ. ನಿಕಾರ್ಯೋ ಕಾಲುವೆ ಅಲ್ಲಿ ಹಾಯುತ್ತದೆ. 1597ರಲ್ಲಿ ಕೊಯಿಜುಮಿ ಜಿದಾಯು ಅನ್ನುವ ಅಧಿಕಾರಿ ಶುರು ಮಾಡಿ 1611ಕ್ಕೆ ಮುಗಿಸಿದ ಕಾಲುವೆ ಇದು. ನೀರಿಗೆ ಜಗಳ ಇಲ್ಲೂ ತಪ್ಪಲಿಲ್ಲ. 1821ರ ಬರದಲ್ಲಿ ಕೆಳಗಿನ ಹಳ್ಳಿಗಳ ರೈತರು ಮೇಲಿನ ಮಿಜೊನೊಕುಚಿಗೆ ದಂಡೆತ್ತಿ ಬಂದು ಮನೆ ಒಡೆದರು. ನಾಲೆಯ ಕೊನೆ ಭಾಗದಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಅಲ್ಲಿ ದುಂಡನೆಯ ತೊಟ್ಟಿ ಕಟ್ಟಿದರು. ನೀರು ನಡುವಿನಿಂದ ಉಕ್ಕಿ ಅಂಚಿನ ಮೇಲೆ ಸುತ್ತಲೂ ಸಮನಾಗಿ ಚೆಲ್ಲುತ್ತದೆ. ಅಂಚನ್ನು ನಾಲ್ಕು ಕಾಲುವೆಗೆ ಅವರವರ ಪಾಲಿನ ಅಳತೆಗೆ ತಕ್ಕಂತೆ ಗೋಡೆ ಇಟ್ಟು ಭಾಗ ಮಾಡಿದ್ದಾರೆ. ನೀರು ಹೆಚ್ಚಾದರೂ ಕಡಿಮೆಯಾದರೂ ಪಾಲು ಅಷ್ಟೇ. ಮೋಸಕ್ಕೆ ಜಾಗವೇ ಇಲ್ಲ!

ಇದನ್ನು ನನಗೆ ತೋರಿಸಿದ್ದು ಮಗಳು. ಶಾಲೆಯಿಂದ ನೋಡಿ ಬಂದಿದ್ದಳು. ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ನೀರುಗಂಟಿ ಯಾರಮ್ಮ? ತೂಬು ಎಲ್ಲಿ?" ಅಂದರು. ಮಗಳು ನನ್ನ ಕಡೆ ತಿರುಗಿದಳು. ಆ ಎರಡು ಪದ ಅವಳಿಗೆ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ, ಜಪಾನಿಯಲ್ಲಿ ಏನಂತಾರೆ ಅಂತ ನನಗೂ ಗೊತ್ತಿರಲಿಲ್ಲ. ಫೋನು ಅವಳ ಕೈಗೆ ಕೊಟ್ಟು, ಬೇಲಿಯ ಪಕ್ಕ ಕೂತು, ನೆಲದ ಮೇಲೆ ಕಡ್ಡಿಯಿಂದ ನಮ್ಮೂರ ಕೆರೆ ಬರೆಯತೊಡಗಿದೆ.