ಡಿಜಿಟಲ್ ಪಿಸಿಆರ್ ಇಲ್ಲದೆ ನಾಯಿಯ ಮೂತ್ರದಲ್ಲಿ ಬಿ-ರಾಫ್ ಹಿಡಿದದ್ದು: ನನ್ನ ಅನುಭವ

ನಾಯಿಯ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಬಿ-ರಾಫ್ (BRAF) ಜೀನ್‌ನ ವಿ595ಇ ಮ್ಯುಟೇಶನ್ ಹುಡುಕಲು ಡಿಜಿಟಲ್ ಪಿಸಿಆರ್ (ಡಿಎನ್‌ಎಯನ್ನು ಪುಟ್ಟ ಪುಟ್ಟ ಭಾಗಗಳಲ್ಲಿ ಹಂಚಿ, ನಕಲು ಮಾಡಿ ಎಣಿಸುವ ವಿಧಾನ) ಬೇಕೇ ಬೇಕು ಎಂದವರೇ ಎಲ್ಲ. ಆ ಯಂತ್ರಕ್ಕೆ ಹತ್ತಾರು ಲಕ್ಷ. ಈಗ ನಮ್ಮ ಹಳೆಯ ರಿಯಲ್-ಟೈಮ್ ಪಿಸಿಆರ್ ಯಂತ್ರದಲ್ಲೇ ಶೇ. 1ರ ಆಸುಪಾಸಿನ ಮ್ಯುಟೇಶನ್ ಸಲೀಸಾಗಿ ಸಿಗುತ್ತಿದೆ.

ಡಿಎನ್‌ಎ ಅಕ್ಷರಗಳನ್ನು ಓದುವ ಸ್ಯಾಂಗರ್ ವಿಧಾನ ಕೈಕೊಟ್ಟಿತ್ತು. ಮ್ಯುಟೆಂಟ್ ಪಾಲು ಶೇ. 15-20 ಇಲ್ಲದಿದ್ದರೆ ಅದರಲ್ಲಿ ಏನೂ ಕಾಣದು; ಸೋಂಕಿದ್ದರಂತೂ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಡಿಎನ್‌ಎಯೇ ತುಂಬಿಕೊಳ್ಳುತ್ತದೆ. ಆಮೇಲೆ ಅಲೀಲ್-ಸ್ಪೆಸಿಫಿಕ್ ಪ್ರೈಮರ್ (ಮ್ಯುಟೆಂಟ್ ಡಿಎನ್‌ಎಯಲ್ಲಿ ಮಾತ್ರ ನಕಲು ಶುರುಮಾಡಬೇಕಾದ ಚಿಕ್ಕ ತುಣುಕು): ಕೊನೆಯ ಬೇಸ್ ಎ, ಅದಕ್ಕೂ ಹಿಂದೆ ಬೇಕೆಂದೇ ಇಟ್ಟ ಒಂದು ಮಿಸ್‌ಮ್ಯಾಚ್, ಆಂಪ್ಲಿಕಾನ್ (ನಕಲಾಗುವ ಭಾಗ) 100 ಬೇಸ್‌ನೊಳಗೆ. ಆದರೂ ಆರೋಗ್ಯವಂತ ನಾಯಿಯ ಡಿಎನ್‌ಎ 35-36ನೇ ಸೈಕಲ್‌ಗೆ ತಲೆಯೆತ್ತಿ ಸುಳ್ಳು ಪಾಸಿಟಿವ್ ಕೊಡುತ್ತಿತ್ತು. ವೈಲ್ಡ್ ಟೈಪ್‌ಗೆ (ಮ್ಯುಟೇಶನ್ ಇಲ್ಲದ ಡಿಎನ್‌ಎಗೆ) ಬಿಗಿಯಾಗಿ ಅಂಟಿ ನಕಲು ತಡೆಯುವ ಎಲ್‌ಎನ್‌ಎ ಬ್ಲಾಕರ್ ಹಾಕಿದ ಮೇಲೆ ಅದು 40ನೇ ಸೈಕಲ್ ದಾಟಿತು. ಬ್ಲಾಕರ್ ಒಂದಕ್ಕೇ ಹನ್ನೆರಡು ಸಾವಿರದ ಹತ್ತಿರ ಹೋಯಿತು. 3' ತುದಿಗೆ ಫಾಸ್ಫೇಟ್ ಹಾಕಿಸದಿದ್ದರೆ ಅದೇ ಪ್ರೈಮರ್ ಆಗಿ ಕೂರುತ್ತದೆ. ಅದು ಎಲ್ಲಿ ಕೂರಬೇಕು, ಪ್ರೈಮರ್‌ನ ಎಷ್ಟು ಪಟ್ಟು ಬೇಕು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾದ ತಲೆನೋವು ಮೂತ್ರದ್ದು. ನಾಯಿ ತಾನಾಗಿ ಹೊಯ್ದದ್ದನ್ನೇ 40 ಮಿ.ಲೀ. ಹಿಡಿಯಬೇಕು, ಹೊಟ್ಟೆಗೆ ಸೂಜಿ ಹಾಕಿದರೆ ಗೆಡ್ಡೆಯ ಕೋಶಗಳು ಸೂಜಿಯ ದಾರಿಯಲ್ಲಿ ನಾಟಿಕೊಳ್ಳಬಹುದು. ಅಲ್ಲೇ 0.5 ಮೋಲಾರ್ ಇಡಿಟಿಎ (ಪಿಎಚ್ 8) ಒಂದೂವರೆ ಮಿ.ಲೀ. ಬೆರೆಸಿ, ಐಸ್‌ನಲ್ಲಿ ತನ್ನಿ. ಇಡಿಟಿಎ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವವನ್ನು ತಡೆಯುತ್ತದೆ, ಮೂತ್ರದ ಸ್ಟ್ರೂವೈಟ್ ಹರಳನ್ನೂ ಕರಗಿಸುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ 2000 ಜಿ, ಹತ್ತು ನಿಮಿಷ, ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ಎರಡು ಸಲ ತೊಳೆತ. ರಕ್ತವಿದ್ದರೆ ಮೊದಲು ಆರ್‌ಬಿಸಿ ಲೈಸಿಸ್ (ಕೆಂಪು ರಕ್ತಕಣ ಒಡೆಯುವುದು), ಪಿಸಿಆರ್‌ಗೆ ಅಡ್ಡಿಯಾಗುವುದನ್ನು ಹಿಡಿದಿಡಲು ಚೂರು ಬಿಎಸ್‌ಎ ಪ್ರೋಟೀನ್.

ಲೆಕ್ಕ ಮರೆಯಬೇಡಿ. 30 ನ್ಯಾನೋಗ್ರಾಂ ಡಿಎನ್‌ಎ ಅಂದರೆ ಸುಮಾರು 11,000 ಜೀನೋಮ್ ಪ್ರತಿ, ಶೇ. 1 ಎಂದರೆ ನೂರಕ್ಕೂ ಮೇಲೆ. ಒಂದೇ ನ್ಯಾನೋಗ್ರಾಂ ಹಾಕಿದರೆ ಮೂರ್ನಾಲ್ಕು. ಅಂಥದ್ದಕ್ಕೆ ನೆಗೆಟಿವ್ ಎಂದು ಬರೆಯುವುದಿಲ್ಲ, ಮತ್ತೆ ಮೂತ್ರ ಕೇಳುತ್ತೇನೆ.

ಪಾಸಿಟಿವ್ ಕಂಟ್ರೋಲ್‌ಗೆ ಇದರ ಜೋಡಿ ಮ್ಯುಟೇಶನ್ ಇರುವ ಮನುಷ್ಯರ ಎ375 ಮೆಲನೋಮಾ ಕೋಶಗಳ ಡಿಎನ್‌ಎ ಹಾಕಿ ನೋಡಿದೆ. ಇಂಟ್ರಾನ್‌ನಲ್ಲಿ ನಾಯಿ-ಮನುಷ್ಯರ ಅನುಕ್ರಮ ಬೇರೆ, ಆ ಬದಿಯ ಪ್ರೈಮರ್ ಕೂರಲೇ ಇಲ್ಲ. ಕೊನೆಗೆ ಸಿಂಥೆಟಿಕ್ ತುಣುಕನ್ನು ನಾಯಿಯ ಡಿಎನ್‌ಎಯಲ್ಲಿ ಬೆರೆಸಿದೆ. ಕಲಬೆರಕೆಯ ಭಯಕ್ಕೆ ಆ ಟ್ಯೂಬ್ ಪಿಸಿಆರ್ ಕೋಣೆಯೊಳಗೆ ತೆರೆಯುವಂತಿಲ್ಲ. ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ಬ್ಲಾಕ್‌ಗಳಲ್ಲೊಂದು ಸಮಾಧಾನ: ಫಾರ್ಮಲಿನ್ ತರುವ ಗದ್ದಲ ಸಿ-ಯಿಂದ-ಟಿ, ನಮ್ಮದು ಟಿ-ಯಿಂದ-ಎ. ಆದರೆ ಬಫರ್ ಇಲ್ಲದ ಫಾರ್ಮಲಿನ್‌ನಲ್ಲಿ ವಾರಗಟ್ಟಲೆ ನೆನೆದ ತುಂಡಿನಿಂದ ಏನೂ ಬರದು.

ನಮ್ಮ ಕಡೆ ಗಂಡುನಾಯಿ ರಕ್ತ ತೊಟ್ಟಿಕ್ಕಿಸಿದರೆ ಮೊದಲ ಅನುಮಾನ ಸಿಟಿವಿಟಿ (ಕೂಡುವಿಕೆಯಿಂದ ಹರಡುವ ಗೆಡ್ಡೆ). ಅದರಲ್ಲಿ ಕಾಣುವ ಲೈನ್-1/ಸಿ-ಮಿಕ್ ಜೋಡಣೆಯ ಪಿಸಿಆರ್‌ಗೆ ಸಾದಾ ಜೆಲ್ ಸಾಕು, ಅಗ್ಗ. ಮಾಸ್ಟ್ ಸೆಲ್ ಗೆಡ್ಡೆಯ ಕಿಟ್ (KIT) ಜೀನ್‌ನ ಎಕ್ಸಾನ್ 11ರ ಡುಪ್ಲಿಕೇಶನ್ ಕೂಡ ಅದೇ ಜೆಲ್‌ನಲ್ಲಿ ಕಂಡಿತು.

ಪ್ರಾಜೆಕ್ಟ್ ಬರೆಯುವವರು ಗಮನಿಸಿ: ಮನುಷ್ಯರಲ್ಲಿ ಇದರ ಜೋಡಿ ವಿ600ಇ ಮೆಲನೋಮಾ, ಥೈರಾಯ್ಡ್‌ಗಳಲ್ಲಿ ಹೆಚ್ಚು, ಮೂತ್ರಕೋಶದಲ್ಲಿ ಅಪರೂಪ. ನಾಯಿಯ ಮತ್ತು ಮನುಷ್ಯರ ಮೂತ್ರಕೋಶದ ಕ್ಯಾನ್ಸರ್‌ಗೆ ಹೋಲಿಕೆ ಇರುವುದು ಸ್ನಾಯುವಿಗೆ ನುಗ್ಗುವ, ಹರಡುವ ಗುಣದಲ್ಲಿ. ಇನ್ನು ನಾಯಿಗಳಲ್ಲೂ ಐದರಲ್ಲೊಂದರಷ್ಟು ಗೆಡ್ಡೆಗಳಲ್ಲಿ ಈ ಮ್ಯುಟೇಶನ್ ಇರುವುದಿಲ್ಲ. ನೆಗೆಟಿವ್ ಬಂದರೂ ಸ್ಕ್ಯಾನ್, ಬಯಾಪ್ಸಿ ಬಿಡುವಂತಿಲ್ಲ. ಒಂದು ಸ್ಯಾಂಪಲ್‌ಗೆ ಈಗ ಆರುನೂರು ರೂಪಾಯಿ ತಗಲುತ್ತದೆ, ಅದರಲ್ಲಿ ಅರ್ಧ ಡಿಎನ್‌ಎ ಕಿಟ್‌ನದ್ದೇ.