ಸುಕ್ಕಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಮುಂಚೆ ಕನ್ನಡಿ ಮುಂದೆ ನಿಲ್ಲಿ

ಕಿಟಕಿ ಬೆಳಕಿಗೆ ಮುಖ ಮಾಡಿ ಕನ್ನಡಿ ನೋಡಿಕೊಳ್ಳಿ. ಹುಬ್ಬು ಗಂಟಿಕ್ಕಿ. ನಡುವೆ ಎರಡು ಗೆರೆ ಎದ್ದವು, ಅಲ್ವಾ? ಈಗ ಮುಖ ಸಡಿಲ ಬಿಡಿ. ಗೆರೆ ಮಾಯವಾದರೆ ಅದು ಸ್ನಾಯುವಿನ ಎಳೆತ, ಬೊಟಾಕ್ಸ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವುದು ಅಂಥದ್ದರ ಮೇಲೆ. ಸುಮ್ನಿದ್ದಾಗಲೂ ಗೆರೆ ಹಾಗೇ ಉಳಿದರೆ ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಜೋತುಬಿದ್ದ ಕೆನ್ನೆಗಂತೂ ಇದು ಮದ್ದಲ್ಲ.

ಬೊಟಾಕ್ಸ್ ಅನ್ನುವುದು ಬ್ರ್ಯಾಂಡ್ ಹೆಸರು. ಒಳಗಿರುವುದು ಬೊಟುಲಿನಮ್ ಟಾಕ್ಸಿನ್, ಒಂದು ಬ್ಯಾಕ್ಟೀರಿಯಾದ ವಿಷ. ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಿದಾಗ ಅದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ, ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. 3-4 ತಿಂಗಳಲ್ಲಿ ನರ ಚೇತರಿಸಿಕೊಂಡು ಗೆರೆ ಮತ್ತೆ ಬರುತ್ತದೆ.

ಇದು ಮೊದಲು ಕಣ್ಣಿನ ಔಷಧಿ. ಅಮೆರಿಕದಲ್ಲಿ 1989ರಲ್ಲಿ ಮೆಳ್ಳೆಗಣ್ಣಿಗೂ ರೆಪ್ಪೆ ಸೆಳೆತಕ್ಕೂ ಒಪ್ಪಿಗೆ ಸಿಕ್ಕಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ಡಾಕ್ಟರ್ ಜೀನ್ ಕರುಥರ್ಸ್ ಅವರು ರೆಪ್ಪೆ ಸೆಳೆತಕ್ಕೆ ಚುಚ್ಚಿದ ರೋಗಿಗಳ ಹುಬ್ಬಿನ ಗೆರೆಯೂ ಮಾಯವಾಗುವುದನ್ನು ಗಮನಿಸಿದರು. ಚರ್ಮದ ಡಾಕ್ಟರಾಗಿದ್ದ ಅವರ ಗಂಡನೂ ಜೊತೆಗೂಡಿದರು. ಹುಬ್ಬಿನ ಗೆರೆಗೆ ಅಮೆರಿಕದಲ್ಲಿ ಒಪ್ಪಿಗೆ ಬಂದದ್ದು 2002ರಲ್ಲಿ. ಈಗ ಕಂಕುಳಿನ ವಿಪರೀತ ಬೆವರಿಗೂ ಪದೇ ಪದೇ ಕಾಡುವ ಮೈಗ್ರೇನ್ ತಲೆನೋವಿಗೂ ಕೊಡುತ್ತಾರೆ.

ಫಿಲ್ಲರ್ ಬೇರೆಯೇ. ಅದು ಖಾಲಿ ಬಿದ್ದ ಜಾಗ ತುಂಬುವ ಜೆಲ್, ಮೂಗಿನಿಂದ ಬಾಯಿ ಪಕ್ಕಕ್ಕೆ ಇಳಿಯುವ ಗೆರೆಗೆ ಹಾಕುತ್ತಾರೆ. ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಅದನ್ನು ಕರಗಿಸುವ ಔಷಧಿ ಕ್ಲಿನಿಕ್‌ನಲ್ಲೇ ಇದೆಯಾ ಅಂತ ಕೇಳಿಯೇ ಕೂರಿ.

ಬ್ಯೂಟಿ ಪಾರ್ಲರ್‌ನಲ್ಲಿ ಮಾತ್ರ ಬೇಡ. ನನ್ನ ಅಕ್ಕ, ತನ್ನ ಮಗಳ ಮದುವೆಗೆ ಹತ್ತು ದಿನ ಇರುವಾಗ, ಕಡಿಮೆ ದುಡ್ಡಿಗೆ ಆಗುತ್ತದೆ ಅಂತ ಹೋಗಿ ಬೊಟಾಕ್ಸ್ ಹಾಕಿಸಿಕೊಂಡು ಬಂದಳು, ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದುಬಿಟ್ಟಿತು, ಧಾರೆಯ ಫೋಟೋಗಳಲ್ಲೆಲ್ಲ ಅವಳು ಒಂದು ಪಕ್ಕಕ್ಕೇ ತಿರುಗಿ ನಿಂತಿದ್ದಾಳೆ. ಕೆಲವು ವಾರಕ್ಕೆ ಸರಿಹೋಯಿತು, ಆದರೆ ಆ ದಿನ ಮತ್ತೆ ಬರಲ್ಲ. ಒಳ್ಳೆಯ ಕೈಯಲ್ಲೂ ರೆಪ್ಪೆ ಇಳಿಯುವುದುಂಟು. ಅದಕ್ಕೇ ಚರ್ಮದ ಡಾಕ್ಟರ್ ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ, ಸಮಾರಂಭಕ್ಕೆ ಒಂದೂವರೆ ತಿಂಗಳು ಮೊದಲೇ ಹೋಗಿ. ಪರಿಣಾಮ ಕಾಣಲು 3-5 ದಿನ, ಪೂರ್ತಿಯಾಗಲು ಎರಡು ವಾರ ಬೇಕು.

ಬಾಟಲಿ ಫ್ರಿಜ್‌ನಿಂದ ತೆಗೆದು ನಿಮ್ಮ ಎದುರಿಗೇ ಸೀಲ್ ಒಡೆಯಲಿ. ಬ್ರ್ಯಾಂಡ್, ಎಕ್ಸ್‌ಪೈರಿ, ಎಷ್ಟು ಯೂನಿಟ್ (ಔಷಧಿಯ ಅಳತೆ) ಅಂತ ಬರೆಸಿಕೊಳ್ಳಿ. ಬೊಟಾಕ್ಸ್‌ನಲ್ಲಿ ಹುಬ್ಬಿನ ನಡುವಿಗೆ ಸಾಮಾನ್ಯವಾಗಿ 5 ಕಡೆ ಸೇರಿ 20 ಯೂನಿಟ್. ಬೇರೆ ಬ್ರ್ಯಾಂಡ್‌ನ ಯೂನಿಟ್ ಲೆಕ್ಕವೇ ಬೇರೆ, ರೇಟು ಹೋಲಿಸುವಾಗ ಇದು ನೆನಪಿರಲಿ.

ಚುಚ್ಚಿಸಿಕೊಂಡ ಮೇಲೆ ನಾಲ್ಕು ಗಂಟೆ ಮಲಗಬೇಡಿ, ಆ ಜಾಗ ಉಜ್ಜಬೇಡಿ. ಬಸುರಿಯರು, ಎದೆಹಾಲು ಕೊಡುವವರು, ಮಯಸ್ತೇನಿಯಾದಂಥ (ಸ್ನಾಯು ಬೇಗ ಸೋಲುವ ಕಾಯಿಲೆ) ನರ-ಸ್ನಾಯು ಕಾಯಿಲೆ ಇರುವವರು ಹಾಕಿಸಿಕೊಳ್ಳಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಕೆಲವು ದಿನ ಬಿಟ್ಟಾದರೂ ಸರಿ, ನುಂಗಲು ಕಷ್ಟವಾದರೆ, ಮಾತು ತೊದಲಿದರೆ, ಉಸಿರು ಕಟ್ಟಿದಂತಾದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.