ಹಳೆಯ ಅಂಗಡಿಯ ಗೋಡೆಗೆ ಚಿತ್ರ ಬರೆಯುವ ಮುನ್ನ

ಕೋಲಾರದ ಹಳೆಯ ಅಂಗಡಿಗಳ ಗೋಡೆಗೆ ಹಬ್ಬಹಬ್ಬಕ್ಕೂ ಬಳಿದ ಸುಣ್ಣ ಪದರು ಪದರಾಗಿ ಕೂತಿದ್ದರೆ, ಅದರ ಮೇಲೆಯೇ ಬರೆದ ಚಿತ್ರವು ಸುಣ್ಣದ ಸಮೇತ ಹಕ್ಕಳೆಯಾಗಿ ಉದುರುತ್ತದೆ. ಅಂಗೈಯಿಂದ ಒರೆಸಿದಾಗ ಬಿಳಿ ಪುಡಿ ಅಂಟಿದರೆ ಕೆರೆಯುವ ಕೆಲಸ ಇನ್ನೂ ಬಾಕಿಯಿದೆ ಎಂದರ್ಥ. ಚೆನ್ನಾಗಿ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ತೊಳೆದು, ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಹೊರಗೋಡೆಯ ಪ್ರೈಮರ್, ಅಂದರೆ ಬಣ್ಣಕ್ಕೆ ಮುನ್ನ ಬಳಿಯುವ ತಳಲೇಪ, ಹಚ್ಚಬೇಕು. ಹೊಸ ಸಿಮೆಂಟ್ ಗಾರೆ ಮೆತ್ತಿದ ಜಾಗವನ್ನು, ಮಾಲೀಕರು ಎಷ್ಟೇ ಅವಸರಪಡಿಸಿದರೂ, ಸುಮಾರು 28 ದಿನ ಹಾಗೆಯೇ ಬಿಡುವುದು ಲೇಸು.

ಟೊಮೆಟೊ ಮಂಡಿಯಾಗಲಿ, ಅಂತರಗಂಗೆ ಬೆಟ್ಟದ ಬಂಡೆಗಳಾಗಲಿ, ಬರೆಯುವುದೇನಿದ್ದರೂ ಕಾಗದದ ಮೇಲಿನ ಚಿತ್ರಕ್ಕೆ ಚೌಕಗಳನ್ನು ಎಳೆದು, ಗೋಡೆಯ ಮೇಲೆ ಅದೇ ಲೆಕ್ಕದ ದೊಡ್ಡ ಚೌಕಗಳನ್ನು ಸೀಮೆಸುಣ್ಣದಿಂದ ಗುರುತಿಸಿಕೊಂಡು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್ ಬಣ್ಣವನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತ ಬರಬೇಕು. ಕಬ್ಬಿಣದ ಷಟರ್‌ಗೆ ಮಾತ್ರ ತುಕ್ಕು ತಡೆಯುವ ರೆಡ್ ಆಕ್ಸೈಡ್ ತಳಲೇಪ ಬಳಿದು, ಎಣ್ಣೆ ಆಧಾರಿತ ಎನಾಮಲ್ ಬಣ್ಣವನ್ನು ಬಳಸಬೇಕು.